ನೀರು ಬಂದರೆ ಸಾಕಾ, ಕುಡಿಯೋ ಹಾಗೂ ಇರಬೇಕಲ್ವಾ?

ಪ್ರಶ್ನೆ: ನಮ್ಮದು 150 ಮನೆಗಳ ಹಳ್ಳಿ. ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕ್, ಅಲ್ಲಿಂದ ಬೀದಿ ನಲ್ಲಿಗಳು. ಎರಡು ಕೈಪಂಪು ಕೆಟ್ಟು ನಿಂತು ತುಂಬ ದಿನವಾಯ್ತು. ಮೋಟರ್ ಸುಟ್ಟರೆ ವಾರಗಟ್ಟಲೆ ನೀರಿರುವುದಿಲ್ಲ. ನೀರು ನೋಡೋಕೆ ತಿಳಿಯಾಗಿಯೇ ಇದೆ, ಆದರೂ ಮಕ್ಕಳಿಗೆ ಆಗಾಗ ಭೇದಿ. ನೀರು ಶುದ್ಧ ಮಾಡುವ ದೊಡ್ಡ ಆರ್‌ಒ ಘಟಕ ಹಾಕಿಸೋಣ ಅಂತ ಕೆಲವರು ಹೇಳುತ್ತಾರೆ. ನೀರು ನಮ್ಮ ಹಕ್ಕು, ದುಡ್ಡು ಯಾಕೆ ಕೊಡಬೇಕು ಅಂತ ಇನ್ನು ಕೆಲವರು. ಎಲ್ಲಿಂದ ಶುರು ಮಾಡೋಣ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ನೀರು ನಿಂತುಹೋಗುವುದು ಒಂದು, ನೀರು ಕೆಡುವುದು ಇನ್ನೊಂದು. ಆರ್‌ಒ ಘಟಕ ಮೊದಲನೆಯದಕ್ಕೆ ಏನೂ ಮಾಡುವುದಿಲ್ಲ. ಎರಡನೆಯದಕ್ಕೆ ಅದು ಬೇಕೋ ಬೇಡವೋ ಅಂತ ಹೇಳಬೇಕಾದರೆ ನೀರಿನಲ್ಲಿ ಏನಿದೆ ಅಂತ ಗೊತ್ತಿರಬೇಕು, ಅದು ನಿಮಗಿನ್ನೂ ಗೊತ್ತಿಲ್ಲ. ಬೋರ್‌ವೆಲ್ ಮೋಟರ್ ಸುಟ್ಟ ದಿನ ಆರ್‌ಒ ಯಂತ್ರವೂ ಸುಮ್ನೆ ನಿಂತಿರುತ್ತದೆ, ಅದಕ್ಕೂ ನೀರು ಅಲ್ಲಿಂದಲೇ ಬರಬೇಕಲ್ವಾ. ಹಾಗಾಗಿ ಆ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ.

ಯಾವ ಊರಿನ ನೀರಿನ ವ್ಯವಸ್ಥೆ ನೋಡಿದರೂ ನಾನು ಮೊದಲು ಕೇಳುವುದು ಇಷ್ಟು. ಮೋಟರ್ ಕೆಟ್ಟ ದಿನ ಯಾರು ಯಾರಿಗೆ ಫೋನ್ ಮಾಡುತ್ತಾರೆ? ರಿಪೇರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಎಷ್ಟು ದಿನದಲ್ಲಿ ನಲ್ಲಿಯಲ್ಲಿ ಮತ್ತೆ ನೀರು ಬರುತ್ತದೆ? ಇವಕ್ಕೆ ಥಟ್ಟನೆ ಉತ್ತರ ಬಂದರೆ ಆ ಊರು ಹೇಗೋ ಸಂಭಾಳಿಸುತ್ತದೆ, ಟ್ಯಾಂಕ್ ಹಳೆಯದಾಗಿದ್ದರೂ ಪರವಾಗಿಲ್ಲ. "ನೋಡೋಣ, ಮೀಟಿಂಗ್ ಕರೀಬೇಕು" ಅನ್ನುವ ಉತ್ತರ ಬಂದರೆ, ಹೊಸ ಟ್ಯಾಂಕ್ ಕಟ್ಟಿಸಿಕೊಟ್ಟರೂ ಕೆಲವು ವರ್ಷಗಳಲ್ಲಿ ಇದೇ ಪ್ರಶ್ನೆ ಮತ್ತೆ ಬರುತ್ತದೆ. ಶುದ್ಧ ನೀರಾಗಲಿ, ಕೈಗೆಟುಕುವ ದರದ ನೀರಾಗಲಿ, ಎರಡೂ ನಿಂತಿರುವುದು ಈ ರಿಪೇರಿಯ ಮೇಲೆಯೇ. ಕಟ್ಟಡ, ಯಂತ್ರ, ಉದ್ಘಾಟನೆಯ ಕಲ್ಲು ಎಲ್ಲ ಆಮೇಲಿನ ಮಾತು.

ನಿಮ್ಮ ಕೆಟ್ಟು ನಿಂತ ಕೈಪಂಪುಗಳನ್ನೇ ತೆಗೆದುಕೊಳ್ಳಿ. ಇದು ನಿಮ್ಮ ಊರೊಂದರ ಕಥೆಯಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾ ದೇಶಗಳ ಲೆಕ್ಕವನ್ನು 2009ರಲ್ಲಿ ಒಟ್ಟುಮಾಡಿದಾಗ, ಅಲ್ಲಿನ ಕೈಪಂಪುಗಳಲ್ಲಿ ಸುಮಾರು ಶೇಕಡ 36 ಕೆಲಸ ಮಾಡುತ್ತಿರಲಿಲ್ಲ. ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಎಷ್ಟೋ ಸಲ ಕೆಟ್ಟಿರುವುದು ಒಂದು ರಬ್ಬರ್ ವಾಷರ್ ಅಷ್ಟೇ. ಹಿಡಿ ಒತ್ತಿದಾಗ ಕೆಳಗೆ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಪಿಸ್ಟನ್ನಿಗೆ ಹಾಕಿರುವ ವಾಷರ್ ಸವೆದರೆ ನೀರು ಪಕ್ಕದಿಂದ ಕೆಳಗೆ ಜಾರುತ್ತದೆ, ಎಷ್ಟು ಒತ್ತಿದರೂ ಬಾಯಿಗೆ ಬರುವುದಿಲ್ಲ. ವಾಷರ್ ಅಗ್ಗದ್ದೇ. ಆದರೆ ಇಂಡಿಯಾ ಮಾರ್ಕ್ 2 ಪಂಪಿನಲ್ಲಿ ಅದನ್ನು ಬದಲಿಸಬೇಕಾದರೆ ಒಳಗಿನ ಕಬ್ಬಿಣದ ಪೈಪನ್ನು ತುಂಡು ತುಂಡಾಗಿ ಬಿಚ್ಚುತ್ತ, ಜಾರದ ಹಾಗೆ ಹಿಡಿಯುತ್ತ, ಪೂರ್ತಿ ಮೇಲಕ್ಕೆ ಎಳೆಯಬೇಕು. ಅದಕ್ಕೆ ಬೇರೆಯೇ ಸಾಮಾನು ಬೇಕು, ತಿಳಿದವರು ಬೇಕು, ಜೊತೆಗೆ ಗಟ್ಟಿ ಆಳುಗಳು ಬೇಕು. 1970ರ ದಶಕದಲ್ಲಿ ಬಂದ ಈ ಪಂಪು ದಿನವಿಡೀ ನೂರಾರು ಜನ ಹೊಡೆದರೂ ತಾಳುವಂಥದ್ದು, ಅದರಲ್ಲಿ ಮಾತಿಲ್ಲ. ಆದರೆ ಊರಿನವರೇ ರಿಪೇರಿ ಮಾಡುವಂಥದ್ದಲ್ಲ. ಆಮೇಲೆ ಬಂದ ಮಾರ್ಕ್ 3 ಮತ್ತು ಆಫ್ರಿಡೆವ್ ಪಂಪುಗಳಲ್ಲಿ ಪೈಪನ್ನು ಕೀಳದೆ ಬರೀ ಪಿಸ್ಟನ್ ಮೇಲೆತ್ತುವ ಹಾಗೆ ಮಾಡಿದ್ದು ಇದೇ ಕಾರಣಕ್ಕೆ. ನಿಮ್ಮಲ್ಲಿರುವುದು ಯಾವುದು ಅಂತ ಮೊದಲು ನೋಡಿ. ಮಾರ್ಕ್ 2 ಆಗಿದ್ದರೆ ಹೊರಗಿನ ಮೆಕ್ಯಾನಿಕ್ ಜೊತೆ ಮೊದಲೇ ಮಾತು ಮಾಡಿಕೊಂಡಿರಬೇಕು, ಕೆಟ್ಟ ಮೇಲೆ ಹುಡುಕಿಕೊಂಡು ಹೋಗುವುದಲ್ಲ.

ಬೇಗ ರಿಪೇರಿ ಮಾಡೋಕೆ ಆಗುತ್ತಾ ಅಂತ ಕೇಳಿದರೆ, ಆಗುತ್ತದೆ. ಕೀನ್ಯಾದ ಕ್ಯೂಸೊ ಅನ್ನುವ ಒಣ ಸೀಮೆಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಕೈಪಂಪಿನ ಹಿಡಿಯೊಳಗೆ ಒಂದು ಚಿಕ್ಕ ಸಾಧನ ಇಟ್ಟರು. ಹಿಡಿ ಎಷ್ಟು ಸಲ ಆಡಿತು ಅನ್ನುವುದನ್ನು ಅದು ಮೊಬೈಲ್ ಜಾಲದ ಮೂಲಕ ಕಳಿಸುತ್ತದೆ. ಹಿಡಿ ಆಡುವುದು ನಿಂತರೆ ಪಂಪು ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ತಿಳಿಯುತ್ತದೆ. ಮೊದಲು ಒಂದು ಪಂಪು ಕೆಟ್ಟರೆ ಸರಿಯಾಗೋಕೆ ಸರಾಸರಿ 27 ದಿನ ಹಿಡಿಯುತ್ತಿತ್ತು, ಆಮೇಲೆ ಅದು 3 ದಿನದೊಳಗೆ ಬಂತು. ಇದರಲ್ಲಿ ಆ ಸಾಧನಕ್ಕಿಂತ ಮುಖ್ಯವಾದದ್ದು ಅದರ ಹಿಂದಿದ್ದ ಏರ್ಪಾಡು ಅಂತ ನನಗನ್ನಿಸುತ್ತದೆ. ಬಿಡಿಭಾಗ ಮೊದಲೇ ಇದ್ದವು, ಬರುವ ಮೆಕ್ಯಾನಿಕ್ ಯಾರು ಅಂತ ಗೊತ್ತಿತ್ತು, ಬೇಗ ಬರುವುದೇ ಅವರ ಕೆಲಸವಾಗಿತ್ತು. ನಿಮ್ಮ 150 ಮನೆಗೆ ಸೆನ್ಸರ್ ಬೇಕಾಗಿಲ್ಲ, ನಲ್ಲಿ ಒಣಗಿದ್ದು ಬೆಳಿಗ್ಗೆಯೇ ಎಲ್ಲರಿಗೂ ಗೊತ್ತಾಗುತ್ತೆ. ಉಳಿದ ಏರ್ಪಾಡು ಬೇಕು.

ನೀರು ನಿಂತರೆ ಬರೀ ಕಿರಿಕಿರಿ ಅಂತ ತಿಳಿಯಬೇಡಿ. ಆ ದಿನಗಳಲ್ಲಿ ಜನ ಏನು ಮಾಡುತ್ತಾರೆ? ಹಳೆ ಬಾವಿಗೋ ಕೆರೆಗೋ ಹೋಗುತ್ತಾರೆ. ವರ್ಷವೆಲ್ಲ ಒಳ್ಳೆ ನೀರು ಕುಡಿದು ನಡುವೆ ಕೆಲವೇ ದಿನ ಕೊಳಕು ನೀರು ಕುಡಿದರೂ, ಒಳ್ಳೆ ನೀರಿನಿಂದ ಸಿಕ್ಕ ಆರೋಗ್ಯದ ಲಾಭದಲ್ಲಿ ದೊಡ್ಡ ಪಾಲು ಕಳೆದುಹೋಗುತ್ತದೆ. ಸೋಂಕು ತಗಲಲು ಒಂದು ಲೋಟ ಸಾಕು. ಇನ್ನೊಂದು ವಿಷಯ, ಇದು ಜನರಿಗೆ ಅಷ್ಟಾಗಿ ಗೊತ್ತಿಲ್ಲ. ಪೈಪಿನಲ್ಲಿ ಒತ್ತಡ ಇರುವಾಗ ಸೀಳಿನಿಂದ ನೀರು ಹೊರಗೆ ಸೋರುತ್ತದೆ. ಒತ್ತಡ ಇಲ್ಲದಾಗ ಅದೇ ಸೀಳಿನಿಂದ ಹೊರಗಿನ ಚರಂಡಿ ನೀರು ಒಳಗೆ ಸೇರುತ್ತದೆ. ದಿನಕ್ಕೆ ಒಂದೆರಡು ಗಂಟೆ ನೀರು ಬಿಡುವ ಊರುಗಳಲ್ಲಿ ಮೊದಲು ಬರುವ ನೀರು ಕದಡಿರುವುದನ್ನು ನೀವೇ ನೋಡಿರಬಹುದು. ಆ ಮೊದಲ ನೀರನ್ನು ಕುಡಿಯೋಕೆ ಹಿಡಿಯಬೇಡಿ, ತೊಳೆಯೋಕೆ ಬಳಸಿ.

ಈಗ ದುಡ್ಡಿನ ವಿಷಯ. ನೀರು ಹಕ್ಕು ಅನ್ನುವವರು ತಪ್ಪು ಹೇಳುತ್ತಿಲ್ಲ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕು ಅಂತ ಒಪ್ಪಿಕೊಂಡಿತು. 122 ದೇಶಗಳು ಪರ ಮತ ಹಾಕಿದವು, 41 ದೇಶಗಳು ಮತ ಹಾಕದೆ ಉಳಿದವು, ವಿರುದ್ಧ ಯಾರೂ ಇರಲಿಲ್ಲ. ಆದರೆ ಆ ನಿರ್ಣಯ ನೀರು ಸುರಕ್ಷಿತವಾಗಿರಬೇಕು, ಸಿಗುವಂತಿರಬೇಕು, ಜನರ ಕೈಗೆಟುಕುವ ದರದಲ್ಲಿರಬೇಕು ಅನ್ನುತ್ತದೆ. ಪುಕ್ಕಟೆ ಕೊಡಬೇಕು ಅಂತ ಎಲ್ಲೂ ಹೇಳುವುದಿಲ್ಲ. 2030ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನೀರಿನದ್ದು ಆರನೆಯದು, ಅಲ್ಲಿಯೂ ಇದೇ ಮಾತು. ದುಡ್ಡಿಲ್ಲ ಅಂತ ಯಾರಿಗೂ ನೀರು ತಪ್ಪಬಾರದು ಅನ್ನುವುದು ಹಕ್ಕು. ಯಾರೂ ಏನೂ ಕೊಡಬಾರದು ಅನ್ನುವುದು ಬೇರೆಯೇ ಮಾತು. ಅದಕ್ಕೆ ಒಪ್ಪಿದರೆ ವಾಷರ್ ಯಾರು ತರುತ್ತಾರೆ ಅಂತ ಅವರೇ ಹೇಳಬೇಕಾಗುತ್ತದೆ.

ಊರ ಸಭೆಯಲ್ಲಿ "ತಿಂಗಳಿಗೆ ಎಷ್ಟು ಕೊಡ್ತೀರಿ" ಅಂತ ಶುರು ಮಾಡಿದರೆ ಜಗಳ ಗ್ಯಾರಂಟಿ. ಮೊದಲು ಖರ್ಚನ್ನು ಬೋರ್ಡಿನ ಮೇಲೆ ಬರೆಯಿರಿ. ಪ್ರತಿ ತಿಂಗಳು ಬರುವ ಖರ್ಚು ಯಾವುದು? ಕರೆಂಟು, ನೀರು ಬಿಡುವವರ ಸಂಬಳ, ಬ್ಲೀಚಿಂಗ್ ಪೌಡರ್. ಆಮೇಲೆ ಆಗಾಗ ಬರುವ ಚಿಲ್ಲರೆ ಖರ್ಚು, ಅಂದರೆ ವಾಲ್ವ್, ನಲ್ಲಿ, ಸ್ಟಾರ್ಟರ್, ಒಡೆದ ಪೈಪು. ಇವೆರಡನ್ನೂ ಎಲ್ಲರೂ ಬರೆಯುತ್ತಾರೆ. ಮರೆಯುವುದು ಮೂರನೆಯದನ್ನು, ಇಡೀ ಮೋಟರೇ ಬದಲಿಸುವ ದಿನದ ಖರ್ಚು. ಮೋಟರ್ 6 ವರ್ಷ ಬಾಳುತ್ತದೆ ಅಂದುಕೊಳ್ಳಿ, ಅಂದರೆ 72 ತಿಂಗಳು. ಹೊಸ ಮೋಟರಿನ ಬೆಲೆಯನ್ನು 72ರಿಂದ ಭಾಗಿಸಿ, ಬಂದದ್ದನ್ನು 150 ಮನೆಗೆ ಹಂಚಿ. ಒಂದು ಮನೆಯ ತಿಂಗಳ ಪಾಲು ಮೋಟರ್ ಬೆಲೆಯ 10,800ರಲ್ಲಿ ಒಂದು ಭಾಗ ಆಗುತ್ತದೆ. ನಿಮ್ಮಲ್ಲಿ ಮೋಟರಿನ ಬೆಲೆ ಎಷ್ಟಿದೆಯೋ ಹಾಕಿ ನೋಡಿ, ಎಷ್ಟು ಚಿಕ್ಕ ಮೊತ್ತ ಅಂತ ನಿಮಗೇ ಆಶ್ಚರ್ಯ ಆಗುತ್ತೆ. ಮೋಟರ್ ಸುಟ್ಟ ದಿನ ಅದನ್ನೇ ಒಟ್ಟಿಗೆ ಎತ್ತೋಕೆ ಹೋದರೆ ಮಾತ್ರ ಯಾರ ಹತ್ತಿರವೂ ಇರುವುದಿಲ್ಲ, ಆಗ ಯಾರಾದರೂ ದೊಡ್ಡವರ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಈ ಮೂರನೆಯ ದುಡ್ಡನ್ನು ಬೇರೆ ಖಾತೆಯಲ್ಲೇ ಇಡಿ. ಒಂದೇ ಖಾತೆಯಲ್ಲಿದ್ದರೆ ಕರೆಂಟ್ ಬಿಲ್ಲಿಗೆ ಅಂತಲೋ ಊರ ಕಾರ್ಯಕ್ರಮಕ್ಕೆ ಅಂತಲೋ ಕರಗಿಹೋಗುತ್ತದೆ. ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರಾದರೂ ದಿನಾ ನೀರು ತರುವವರು, ಅಂದರೆ ಬಹುತೇಕ ಕಡೆ ಒಬ್ಬ ಹೆಂಗಸು ಆಗಿರಲಿ. ಮೋಟರ್ ಕೆಟ್ಟರೆ ಯಾರ ಸೊಂಟ ಮುರಿಯುತ್ತದೆಯೋ ಅವರಿಗೆ ರಿಪೇರಿಯ ಅವಸರ ಜಾಸ್ತಿ ಇರುತ್ತೆ. ಬಂದದ್ದೆಷ್ಟು, ಹೋದದ್ದೆಷ್ಟು ಅಂತ ಟ್ಯಾಂಕಿನ ಗೋಡೆಯ ಮೇಲೆ ತಿಂಗಳು ತಿಂಗಳು ಬರೆಯಿರಿ. ಜನ ದುಡ್ಡು ಕೊಡೋಕೆ ಹಿಂಜರಿಯುವುದು ಬಡತನದಿಂದ ಅಂತ ನಾವು ಬೇಗ ಹೇಳಿಬಿಡುತ್ತೇವೆ. ಹೋದ ಸಲದ ಲೆಕ್ಕ ಯಾರೂ ತೋರಿಸಿಲ್ಲ ಅನ್ನುವುದೂ ಅಷ್ಟೇ ದೊಡ್ಡ ಕಾರಣ.

"ನಮಗೆ ಈಗ ಪುಕ್ಕಟೆ ಸಿಗ್ತಿದೆಯಲ್ಲ" ಅನ್ನುವವರಿಗೆ ಹೊತ್ತಿನ ಲೆಕ್ಕ ಕೇಳಿ. ನೀರಿಗೆ ಹೋಗಿ, ಸಾಲಿನಲ್ಲಿ ನಿಂತು, ವಾಪಸ್ ಬರೋಕೆ 30 ನಿಮಿಷದೊಳಗೆ ಆದರೆ ಮಾತ್ರ ಅದನ್ನು ಮೂಲಭೂತ ಸೌಲಭ್ಯ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕಕ್ಕೆ ಹಿಡಿಯುತ್ತವೆ. ಅದರ ಮೇಲಿನ ಮೆಟ್ಟಿಲೇ ಬೇರೆ: ನೀರು ಮನೆಯಲ್ಲೇ ಸಿಗಬೇಕು, ಬೇಕಾದಾಗ ಸಿಗಬೇಕು, ಮಲದ ಸೋಂಕು ಮತ್ತು ಅಪಾಯಕಾರಿ ರಾಸಾಯನಿಕ ಎರಡೂ ಇರಬಾರದು. 2022ರ ಲೆಕ್ಕದಲ್ಲಿ ಆ ಮೆಟ್ಟಿಲು ಮುಟ್ಟದವರು ಜಗತ್ತಿನಲ್ಲಿ 220 ಕೋಟಿ ಜನ. ನೀರು ಹೊರುವ ಹೊತ್ತಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ಹೋಗಿಬರೋಕೆ 5 ನಿಮಿಷ ಆಗಲಿ, 25 ನಿಮಿಷ ಆಗಲಿ, ಮನೆಗೆ ಬರುವ ನೀರಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ, ತಲೆಗೆ ದಿನಕ್ಕೆ 20 ಲೀಟರಿನ ಆಸುಪಾಸು. ಅಂದರೆ ಬೀದಿ ನಲ್ಲಿಯನ್ನು ಸ್ವಲ್ಪ ಹತ್ತಿರ ತಂದರೆ ನಡಿಗೆ ಉಳಿಯುತ್ತದೆ, ಆದರೆ ಸ್ನಾನ, ಕೈತೊಳೆಯುವುದು, ಬಟ್ಟೆ ಒಗೆಯುವುದು ಜಾಸ್ತಿ ಆಗುವುದಿಲ್ಲ. ನಲ್ಲಿ ಮನೆ ಅಂಗಳಕ್ಕೆ ಬಂದಾಗ ಮಾತ್ರ ಬಳಕೆ ಎದ್ದುಕಾಣುವಷ್ಟು ಏರುತ್ತದೆ. ಮಕ್ಕಳ ಭೇದಿಗೆ ಕುಡಿಯುವ ನೀರಿನಷ್ಟೇ ಕೈತೊಳೆಯುವ ನೀರೂ ಕಾರಣ, ಇದನ್ನು ಮರೆಯಬೇಡಿ. ಮುಂದೆ ಎಂದಾದರೂ ಸರ್ಕಾರದ ಹಣ ಬಂದರೆ ಎರಡನೇ ಟ್ಯಾಂಕಿಗಿಂತ ಮನೆ ಮನೆ ನಲ್ಲಿಯನ್ನೇ ಕೇಳಿ.

ಎಷ್ಟು ದರ ಇಟ್ಟರೆ ಜಾಸ್ತಿ ಆಯ್ತು ಅನ್ನಬಹುದು? ಮನೆಯ ಒಟ್ಟು ಖರ್ಚಿನ ಶೇಕಡ 3ರಿಂದ 5ರೊಳಗೆ ಇರಲಿ ಅನ್ನುವ ಒಂದು ಅಂದಾಜು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅಳತೆಗೋಲು ಒರಟು, ಆದರೂ ಇಲ್ಲದ್ದಕ್ಕಿಂತ ವಾಸಿ. ನನ್ನ ಅಭಿಪ್ರಾಯ ಕೇಳಿದರೆ ಸರಾಸರಿ ನೋಡಲೇಬೇಡಿ, ಊರಿನ ಅತಿ ಬಡ ಹತ್ತು ಮನೆ ಯಾವುವು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಅವರಿಗೆ ಅರ್ಧ ದರ ಅಥವಾ ಪೂರ್ತಿ ಮಾಫಿ ಅಂತ ಸಭೆಯಲ್ಲೇ ತೀರ್ಮಾನಿಸಿ, ಆ ಖೋತಾವನ್ನು ಉಳಿದವರ ಪಾಲಿಗೆ ಸೇರಿಸಿ. ಹತ್ತು ಮನೆ ಬಿಟ್ಟರೆ ಉಳಿದ ಒಂದೊಂದು ಮನೆಗೆ ಹೆಚ್ಚಿಗೆ ಬೀಳುವ ಹೊರೆ ಅವರ ಪಾಲಿನ ಹದಿನಾಲ್ಕನೇ ಒಂದು ಭಾಗ ಅಷ್ಟೇ. ಕೂಲಿ ಮಾಡುವವರಿಗೆ ವಾರದ ಕಂತು, ಬೆಳೆ ಬೆಳೆಯುವವರಿಗೆ ಸುಗ್ಗಿಯಲ್ಲಿ ಒಟ್ಟಿಗೆ ಕಟ್ಟುವ ಅನುಕೂಲ ಕೊಡಿ. ದುಡ್ಡು ಕಟ್ಟಲಿಲ್ಲ ಅಂತ ಕುಡಿಯುವ ನೀರು ಮಾತ್ರ ನಿಲ್ಲಿಸಬೇಡಿ, ತೋಟಕ್ಕೋ ದನದ ಕೊಟ್ಟಿಗೆಗೋ ಎಳೆದುಕೊಂಡ ಪೈಪ್ ಇದ್ದರೆ ಅದನ್ನು ಧಾರಾಳವಾಗಿ ನಿಲ್ಲಿಸಿ.

ಆದರೆ ಎಲ್ಲವನ್ನೂ ಊರಿನ ತಲೆಗೇ ಕಟ್ಟುವುದು ಸರಿಯಲ್ಲ. ಸಮಿತಿ ಮಾಡಿ, ಕೈಗೆ ಸ್ಪ್ಯಾನರ್ ಕೊಟ್ಟು, "ಇನ್ನು ನಿಮ್ಮದೇ ಜವಾಬ್ದಾರಿ" ಅಂತ ಹೇಳಿ ಹೊರಟುಹೋಗುವ ಪದ್ಧತಿ ದಶಕಗಳ ಕಾಲ ನಡೆಯಿತು, ಮೇಲೆ ಹೇಳಿದ ಶೇಕಡ 36ರಲ್ಲಿ ಅದರ ಪಾಲೂ ಇದೆ. ಬೋರ್‌ವೆಲ್ ಬತ್ತಿದರೆ ಹೊಸದು ಕೊರೆಸುವುದು, ಮುಖ್ಯ ಪೈಪ್‌ಲೈನ್ ಬದಲಿಸುವುದು, ಇಂಥ ದೊಡ್ಡ ಖರ್ಚು ಸರ್ಕಾರದ್ದೇ. ನಡುವಿನ ದಾರಿ ಒಂದಿದೆ. ಬ್ರೆಜಿಲ್‌ನ ಸಿಯಾರಾ ರಾಜ್ಯದಲ್ಲಿ 1996ರಿಂದ ಹಳ್ಳಿಗಳ ನೀರಿನ ಸಂಘಗಳು ಸೇರಿ ಒಂದು ಒಕ್ಕೂಟ ನಡೆಸುತ್ತವೆ, ಹೆಸರು ಸಿಸಾರ್. ದಿನನಿತ್ಯ ನೀರು ಬಿಡುವುದು ಆಯಾ ಊರಿನವರು, ದೊಡ್ಡ ರಿಪೇರಿ, ನೀರಿನ ಪರೀಕ್ಷೆ, ಬಿಲ್ಲು ಇವೆಲ್ಲ ಒಕ್ಕೂಟದ್ದು. 150 ಮನೆಗೆ ಒಬ್ಬ ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳೋಕೆ ಆಗಲ್ಲ, ಹತ್ತು ಹಳ್ಳಿ ಸೇರಿದರೆ ಆಗುತ್ತೆ. ಹಾಗೆ ಸೇರಿದರೆ ಒಂದು ಮೋಟರನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಬಹುದು. ಯಾವ ಊರಿನದ್ದು ಸುಟ್ಟರೂ ಮರುದಿನ ಅದನ್ನು ಇಳಿಸಿ, ಸುಟ್ಟದ್ದನ್ನು ನಿಧಾನವಾಗಿ ವೈಂಡಿಂಗ್‌ಗೆ ಕಳಿಸಿದರಾಯ್ತು. ನೀವು ಬೇರೆ ಏನೂ ಮಾಡದೆ ಇದೊಂದು ಮಾಡಿದರೂ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಸೋಲಾರ್ ಪಂಪು ಹಾಕಿದರೆ ಕರೆಂಟ್ ಖರ್ಚೇ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ, ಆದರೆ ಬಿಸಿಲಿದ್ದಷ್ಟು ಹೊತ್ತೂ ಎಳೆದು ಅಂತರ್ಜಲ ಕೆಳಗೆ ಹೋಗದ ಹಾಗೆ ಗಂಟೆ ಗೊತ್ತುಮಾಡಿ.

ಇಷ್ಟಾದ ಮೇಲೆ ನೀರಿನ ಗುಣ. "ನೋಡೋಕೆ ತಿಳಿಯಾಗಿದೆ" ಅಂತ ಬರೆದಿದ್ದೀರಿ. ತಿಳಿ ನೀರು ಏನನ್ನೂ ಹೇಳುವುದಿಲ್ಲ. ಕಬ್ಬಿಣದ ಅಂಶ ಜಾಸ್ತಿ ಇದ್ದರೆ ನೀರು ಕೆಂಪಗಾಗುತ್ತದೆ, ಬಟ್ಟೆ ಕಲೆಯಾಗುತ್ತದೆ, ಜನ ಬೈಯುತ್ತಾರೆ, ಆದರೆ ಅದರಿಂದ ಆರೋಗ್ಯಕ್ಕೆ ಅಂಥ ಅಪಾಯವಿಲ್ಲ. ಆರ್ಸೆನಿಕ್ ಅನ್ನುವ ವಿಷಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಬಾಂಗ್ಲಾದೇಶದಲ್ಲಿ ಇದೇ ಆಯ್ತು. ಕೆರೆ ಕುಂಟೆಯ ನೀರಿನಿಂದ ಬರುವ ರೋಗ ತಪ್ಪಿಸೋಕೆ ಅಂತ 1970ರ ದಶಕದಲ್ಲಿ ಊರೂರಿಗೆ ಕೊಳವೆಬಾವಿ ಹಾಕಿದರು. ನೀರು ತಣ್ಣಗೆ, ತಿಳಿಯಾಗಿ ಬಂತು. ಅದರಲ್ಲಿ ಆರ್ಸೆನಿಕ್ ಇದೆ ಅಂತ ಅಲ್ಲಿ ಗುರುತಿಸಿದ್ದು 1993ರಲ್ಲಿ. ಅಷ್ಟರಲ್ಲಿ ಜನ ಒಂದು ತಲೆಮಾರು ಅದನ್ನೇ ಕುಡಿದಿದ್ದರು. ಆಮೇಲೆ ಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿ ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಒಂದೇ ಊರಿನಲ್ಲಿ ಕೆಂಪು ಪಂಪಿನ ಪಕ್ಕದಲ್ಲೇ ಹಸಿರು ಪಂಪೂ ಇರುತ್ತಿತ್ತು, ಯಾಕಂದರೆ ಆಳ ಬದಲಾದರೆ ನೀರಿನ ಗುಣವೂ ಬದಲಾಗುತ್ತದೆ. ಪಕ್ಕದ ಊರಿನ ರಿಪೋರ್ಟ್ ನೋಡಿ ನಿಮ್ಮದೂ ಚೆನ್ನಾಗಿದೆ ಅಂದುಕೊಳ್ಳಬೇಡಿ.

ಹಾಗಾಗಿ ಬೋರ್‌ವೆಲ್ ನೀರನ್ನು ಲ್ಯಾಬ್‌ಗೆ ಕಳಿಸಿ. ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್, ಇ. ಕೋಲೈ (ಮಲದ ಸೋಂಕನ್ನು ತೋರಿಸುವ ಬ್ಯಾಕ್ಟೀರಿಯಾ) ಈ ನಾಲ್ಕೂ ಇರಲೇಬೇಕು ಅಂತ ಬರೆದು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಹೀಗಿದೆ: ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ. ಇ. ಕೋಲೈ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಫ್ಲೋರೈಡ್ ಜಾಸ್ತಿಯಾದರೆ ಮಕ್ಕಳ ಹಲ್ಲು ಕಲೆಯಾಗುತ್ತದೆ, ತೀರಾ ಜಾಸ್ತಿಯಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆಯೂ ಬಿಗಿಯುತ್ತದೆ. ನೈಟ್ರೇಟ್ ಗೊಬ್ಬರದಿಂದ, ಪಾಯಿಖಾನೆ ಗುಂಡಿಯಿಂದ ಬರುತ್ತದೆ, ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ. ಇನ್ನು ಟಿಡಿಎಸ್ ಮೀಟರ್. ದಯವಿಟ್ಟು ಅದನ್ನು ನಂಬಿ ತೀರ್ಮಾನ ಮಾಡಬೇಡಿ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅದು ಅಂದಾಜು ಹೇಳುತ್ತದೆ, ಅಷ್ಟೇ. ಕ್ರಿಮಿ ಅದಕ್ಕೆ ಕಾಣುವುದಿಲ್ಲ, ಆರ್ಸೆನಿಕ್ ಕಾಣುವುದಿಲ್ಲ, ಫ್ಲೋರೈಡನ್ನು ಬೇರೆ ಮಾಡಿ ತೋರಿಸುವುದಿಲ್ಲ. ಯಂತ್ರ ಮಾರುವವರು ಜೇಬಿನಿಂದ ಅದನ್ನು ತೆಗೆದು ಲೋಟದಲ್ಲಿ ಅದ್ದಿದರೆ ಜನ ಬೆಚ್ಚಿಬೀಳುತ್ತಾರೆ. ಅದರ ಉಪಯೋಗ ಅಲ್ಲಿಗೆ ಮುಗಿಯುತ್ತೆ.

ಭೇದಿಯ ವಿಷಯಕ್ಕೆ ಬಂದರೆ ನನ್ನ ಅನುಮಾನ ರಾಸಾಯನಿಕದ ಮೇಲಲ್ಲ, ಕ್ರಿಮಿಯ ಮೇಲೆ. ಇದನ್ನು ಲ್ಯಾಬ್ ರಿಪೋರ್ಟ್ ಬರುವವರೆಗೆ ಕಾಯದೆ ಈ ವಾರವೇ ಹುಡುಕಬಹುದು. ಬೋರ್‌ವೆಲ್‌ನಿಂದ ಒಂದು ಮನೆಯ ಲೋಟದ ತನಕ ನೀರು ಬರುವ ದಾರಿಯಲ್ಲೇ ನಡೆದುಕೊಂಡು ಬನ್ನಿ. ಬೋರ್‌ವೆಲ್ ಸುತ್ತ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟಿದೆಯಾ, ಅಲ್ಲಿ ನೀರು ನಿಂತು ದನ ಕುಡಿಯುತ್ತವಾ? 30 ಮೀಟರಿನೊಳಗೆ ಪಾಯಿಖಾನೆ ಗುಂಡಿ ಇದೆಯಾ? ಟ್ಯಾಂಕ್ ಹತ್ತಿ ಮುಚ್ಚಳ ನೋಡಿ, ಎಷ್ಟೋ ಕಡೆ ಮುಚ್ಚಳವೇ ಇರುವುದಿಲ್ಲ, ಒಳಗೆ ಪಾರಿವಾಳದ ಪುಕ್ಕ ತೇಲುತ್ತಿರುತ್ತದೆ. ವಾಲ್ವ್ ಗುಂಡಿಯಲ್ಲಿ ಕೊಳಕು ನೀರು ತುಂಬಿದೆಯಾ? ನಲ್ಲಿ ತಗ್ಗಿನಲ್ಲಿದೆ ಅಂತ ಗುಂಡಿ ತೋಡಿ ಚರಂಡಿ ಮಟ್ಟಕ್ಕೆ ಇಳಿಸಿದ್ದಾರಾ? ಸಾಮಾನ್ಯವಾಗಿ ಅರ್ಧ ದಿನದಲ್ಲಿ ಕಳ್ಳ ಸಿಗುತ್ತಾನೆ. ಜೊತೆಗೆ ಎಚ್‌2ಎಸ್ ಬಾಟಲಿ ಅಂತ ಸಿಗುತ್ತದೆ, ಭಾರತದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನ. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ಕಪ್ಪಾದರೆ ಮಲದ ಸೋಂಕಿನ ಅನುಮಾನ. ಬೋರ್‌ವೆಲ್, ಟ್ಯಾಂಕ್, ಕೊನೆಯ ನಲ್ಲಿ, ಒಂದು ಮನೆಯ ಕೊಡ, ಹೀಗೆ ನಾಲ್ಕು ಬಾಟಲಿ ಇಟ್ಟರೆ ನೀರು ಎಲ್ಲಿ ಕೆಡುತ್ತಿದೆ ಅನ್ನುವುದು ಬಾಟಲಿಯ ಬಣ್ಣದಲ್ಲೇ ಕಾಣುತ್ತದೆ. ಸಭೆಯಲ್ಲಿ ಆ ನಾಲ್ಕು ಬಾಟಲಿ ಸಾಲಾಗಿ ಇಟ್ಟರೆ ಭಾಷಣ ಬೇಕಾಗುವುದಿಲ್ಲ.

ಕ್ರಿಮಿಗೆ ಅಗ್ಗದ ಮದ್ದು ಕ್ಲೋರಿನ್. 10,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ 20 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಸುಮಾರು ಶೇಕಡ 30 ಇರುತ್ತದೆ, ಅಂದರೆ 67 ಗ್ರಾಂ ಪೌಡರ್. ಚೀಲ ಬಿಚ್ಚಿಟ್ಟು ತಿಂಗಳುಗಟ್ಟಲೆ ಆದರೆ ಶಕ್ತಿ ಇಳಿಯುತ್ತದೆ, ಶೇಕಡ 20ಕ್ಕೆ ಬಂದಿದ್ದರೆ 100 ಗ್ರಾಂ ಬೇಕು. ಅದಕ್ಕೇ ಚಿಕ್ಕ ಪ್ಯಾಕೆಟ್ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಪೌಡರನ್ನು ಟ್ಯಾಂಕಿಗೆ ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಿ. ಅರ್ಧ ಗಂಟೆ ಬಿಟ್ಟು ನೀರು ಬಿಡಿ. ಆಗ ಟ್ಯಾಂಕಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ, ಕೊನೆಯ ನಲ್ಲಿಯಲ್ಲಿ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು. ನೋಡುವುದು ಸುಲಭ. ಚಿಕ್ಕ ಕೊಳವೆಯಲ್ಲಿ ನೀರು ಹಿಡಿದು ಡಿಪಿಡಿ ಮಾತ್ರೆ ಹಾಕಿದರೆ ನೀರು ಗುಲಾಬಿಯಾಗುತ್ತದೆ, ಬಣ್ಣವನ್ನು ಪಕ್ಕದ ಪಟ್ಟಿಗೆ ಹೋಲಿಸಿ ಓದಿ. ಕೊನೆಯ ನಲ್ಲಿಯಲ್ಲಿ ಬಣ್ಣವೇ ಬರದಿದ್ದರೆ ದಾರಿಯಲ್ಲಿ ಎಲ್ಲೋ ಕೊಳಕು ಸೇರುತ್ತಿದೆ ಅಥವಾ ಹಾಕಿದ್ದು ಕಡಿಮೆಯಾಗಿದೆ. ನೀರು ಕದಡಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಿಸಬೇಕು. ವಾಸನೆ ಬರುತ್ತೆ ಅಂತ ದೂರು ಬಂದೇ ಬರುತ್ತದೆ. ಡೋಸ್ ಒಂದೇ ಸಮ ಇದ್ದರೆ ಜನ ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತಾರೆ, ಒಂದು ದಿನ ಸುರಿದು ನಾಲ್ಕು ದಿನ ಬಿಟ್ಟರೆ ಹೊಂದಿಕೊಳ್ಳುವುದಿಲ್ಲ.

ನಲ್ಲಿಯ ತನಕ ಚೆನ್ನಾಗಿರುವ ನೀರು ಕೊಡದಲ್ಲಿ ಕೆಡುವುದು ತುಂಬ ಸಾಮಾನ್ಯ. ಕೀನ್ಯಾದ ಹಳ್ಳಿಗಳಲ್ಲಿ ಒರತೆಗಳ ಸುತ್ತ ಸಿಮೆಂಟ್ ಕಟ್ಟಿ ಪೈಪ್ ಹಾಕಿದಾಗ ಒರತೆಯ ಬಾಯಲ್ಲಿ ಮಲದ ಸೋಂಕು ಶೇಕಡ 66 ಇಳಿಯಿತು, ಆದರೆ ಅದೇ ನೀರು ಮನೆ ಸೇರಿದ ಮೇಲೆ ನೋಡಿದರೆ ಇಳಿದದ್ದು ಶೇಕಡ 24 ಅಷ್ಟೇ. ಉಳಿದ ಲಾಭ ದಾರಿಯಲ್ಲಿ, ಮನೆಯಲ್ಲಿ ಹೋಯ್ತು. ಅಗಲ ಬಾಯಿಯ ಪಾತ್ರೆಗೆ ಲೋಟ ಅದ್ದುವಾಗ ಬೆರಳು ಸಹ ನೀರಿಗೆ ತಾಗುತ್ತದೆ, ಮಗು ಬಂದರೆ ಮೊಣಕೈ ತನಕ. ಕಿರಿದಾದ ಬಾಯಿ, ಮುಚ್ಚಳ, ಕೆಳಗೆ ಒಂದು ನಲ್ಲಿ ಇರುವ ಪಾತ್ರೆ ಇದ್ದರೆ ಈ ತೊಂದರೆಯಿಲ್ಲ. ಅದಿಲ್ಲದಿದ್ದರೆ ಉದ್ದ ಹಿಡಿಯ ಸೌಟು, ಅದನ್ನು ನೆಲದ ಮೇಲಿಡದೆ ಮೊಳೆಗೆ ನೇತುಹಾಕಿ. ಕ್ಲೋರಿನ್ ಇರುವ ನೀರಿಗೆ ಇಲ್ಲೂ ಒಂದು ಅನುಕೂಲ ಇದೆ, ಕೊಡದಲ್ಲಿ ಆಮೇಲೆ ಸೇರುವ ಕ್ರಿಮಿಯನ್ನೂ ಸ್ವಲ್ಪ ಮಟ್ಟಿಗೆ ಕೊಲ್ಲುತ್ತದೆ. ಮೋಟರ್ ಕೆಟ್ಟು ಹೊರಗಿನ ನೀರು ತಂದ ದಿನಗಳಲ್ಲಿ ಕುದಿಸಿ ಕುಡಿಯಿರಿ, ದೊಡ್ಡ ಗುಳ್ಳೆ ಬಂದು ಒಂದು ನಿಮಿಷ ಆದರೆ ಸಾಕು. ಸೌದೆ ಇಲ್ಲದವರು ತಿಳಿ ನೀರನ್ನು ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಸುಡುಬಿಸಿಲಿನಲ್ಲಿ 6 ಗಂಟೆ, ಮೋಡವಿದ್ದರೆ ಎರಡು ದಿನ ಮಲಗಿಸಿಡಬಹುದು. ಆದರೆ ಕುದಿಸಿದರೆ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಅಂಶ ಇನ್ನೂ ಏರುತ್ತದೆ.

ಕೊನೆಗೆ ನಿಮ್ಮ ಆರ್‌ಒ. ರಿಪೋರ್ಟ್‌ನಲ್ಲಿ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಮಿತಿಯೊಳಗಿದ್ದು ನೀರು ಉಪ್ಪೂ ಅಲ್ಲದಿದ್ದರೆ ಅದು ನಿಮಗೆ ಬೇಡ, ಆ ದುಡ್ಡನ್ನು ಟ್ಯಾಂಕಿನ ಮುಚ್ಚಳ, ಕ್ಲೋರಿನ್, ಹೆಚ್ಚುವರಿ ಮೋಟರಿಗೆ ಹಾಕಿ. ಮಿತಿ ಮೀರಿದ್ದರೆ ಮೊದಲು ಬೇರೆ ಆಳದ, ಬೇರೆ ಜಾಗದ ಮೂಲ ಸಿಗುತ್ತಾ ನೋಡಿ, ಮಳೆನೀರು ಹಿಡಿಯೋಕೆ ಆಗುತ್ತಾ ನೋಡಿ. ಯಾವುದೂ ಇಲ್ಲದಿದ್ದರೆ ಆರ್‌ಒ ಆಗಬಹುದು, ಅದೂ ಕುಡಿಯೋಕೆ, ಅಡುಗೆಗೆ ಮಾತ್ರ. ಮಾರುವವರನ್ನು ಕೂರಿಸಿಕೊಂಡು ಕೇಳಿ: ಒಂದು ಲೀಟರ್ ಶುದ್ಧ ನೀರಿಗೆ ಎಷ್ಟು ನೀರು ಹೊರಗೆ ಹೋಗುತ್ತದೆ? ಲವಣ, ಫ್ಲೋರೈಡ್ ಎಲ್ಲ ಸೇರಿಕೊಂಡ ಆ ನೀರನ್ನು ಎಲ್ಲಿಗೆ ಬಿಡಬೇಕು? ಅದು ಮತ್ತೆ ನಮ್ಮ ಬೋರ್‌ವೆಲ್ಲಿಗೇ ಇಳಿಯುತ್ತಾ? ಮೆಂಬ್ರೇನ್, ಅಂದರೆ ಒಳಗೆ ನೀರು ಸೋಸುವ ಪೊರೆ, ಎಷ್ಟು ದಿನಕ್ಕೆ ಬದಲಿಸಬೇಕು, ಬೆಲೆ ಎಷ್ಟು, ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ? ಈ ಉತ್ತರಗಳನ್ನು ಬರೆಸಿಕೊಳ್ಳಿ, ಬಾಯಿಮಾತು ಬೇಡ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಹಾಗಾಗಿ ತೊಳೆಯದ ಕ್ಯಾನಿನಲ್ಲಿ ತುಂಬಿದರೆ ಮನೆ ಸೇರುವಷ್ಟರಲ್ಲಿ ಮತ್ತೆ ಕೆಡಬಹುದು ಅನ್ನುವುದೂ ನೆನಪಿರಲಿ.

ಲ್ಯಾಬ್‌ಗೆ ಕಳಿಸುವ ನೀರನ್ನು ಎರಡು ಸಲ ತೆಗೆಯಿರಿ, ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮೊದಲ ಜೋರು ಮಳೆ ಆದ ಮೇಲೆ ಇನ್ನೊಮ್ಮೆ. ಬೋರ್‌ವೆಲ್ ನೀರು ಇಳಿದಾಗ ಲವಣ ಏರಬಹುದು, ಮಳೆ ಬಂದಾಗ ಕ್ರಿಮಿ ಏರುತ್ತದೆ. ಇ. ಕೋಲೈ ಪರೀಕ್ಷೆಯ ಬಾಟಲಿಯನ್ನು ಲ್ಯಾಬ್‌ನಿಂದಲೇ ತನ್ನಿ, ಮನೆಯಲ್ಲಿ ತೊಳೆದ ಬಾಟಲಿ ಆಗುವುದಿಲ್ಲ, ತುಂಬಿದ ಮೇಲೆ ತಣ್ಣಗಿಟ್ಟು ಅದೇ ದಿನ ತಲುಪಿಸಿ. ಫ್ಲೋರೈಡ್ 1.5 ದಾಟಿದ್ದರೆ ಆ ಅಂಕಿ, ಬೋರ್‌ವೆಲ್‌ನ ಆಳ, ಮನೆಗಳ ಸಂಖ್ಯೆ ಮೂರನ್ನೂ ಬರೆದು ಕಳಿಸಿ, ಯಾವ ವಿಧಾನ ನಿಮಗೆ ಹೊಂದುತ್ತೆ ಅಂತ ಆಗ ನೋಡೋಣ.